ಅರಮನೆ ಬಳಗದವರ ಅಧಿಕಾರದ ಏಳುಬೀಳು: ಬೆಂಗಳೂರಿನ ದಾಖಲೆಗಳಲ್ಲಿ ಹುಡುಕುವ ಬಗೆ

ರಾಜಮನೆತನದ ಒಬ್ಬರು ಸರ್ಕಾರದಲ್ಲಿ ಹೇಗೆ ಮೇಲೆ ಬಂದರು, ಹೇಗೆ ಅಧಿಕಾರ ಕಳೆದುಕೊಂಡರು ಎಂದು ಬರೆಯಹೊರಟವರು ಹೆಚ್ಚಾಗಿ ಎಡವುವುದು ಬಿರುದನ್ನೇ ಅಧಿಕಾರವೆಂದು ತಿಳಿಯುವುದರಲ್ಲಿ. ಮಹಾರಾಜರು, ಯುವರಾಜರು, ಸರ್ದಾರರು ಎಂಬ ಹೆಸರುಗಳು ಹುಟ್ಟಿನಿಂದ ಅಥವಾ ಸಂಬಂಧದಿಂದ ಬಂದವು, ಹಾಗೆಯೇ ಉಳಿದುಹೋಗುತ್ತವೆ. ಅಧಿಕಾರ ಹಾಗಲ್ಲ. ಅದನ್ನು ಒಂದು ಕಾನೂನೋ ಆದೇಶವೋ ಕೊಟ್ಟಿರುತ್ತದೆ, ಇನ್ನೊಂದು ಕಿತ್ತುಕೊಳ್ಳುತ್ತದೆ. ಎಷ್ಟೋ ಸಲ ವ್ಯಕ್ತಿ ಕೂತ ಜಾಗದಲ್ಲೇ ಇರುತ್ತಾರೆ, ಅವರ ಕೆಳಗಿನ ಕಾನೂನು ಬದಲಾಗಿರುತ್ತದೆ. ಆ ಬದಲಾವಣೆಯನ್ನು ತಾರೀಖಿನ ಸಮೇತ ಹಿಡಿಯುವುದು ಹೇಗೆ ಎಂಬುದನ್ನು ಇಲ್ಲಿ ಹೇಳಿದೆ. ಮೈಸೂರು ಸಂಸ್ಥಾನದ ಗಾದಿ ಮೈಸೂರಿನಲ್ಲಿದ್ದರೂ ಸಚಿವಾಲಯ ಇದ್ದದ್ದು ಬೆಂಗಳೂರಿನ ಅಠಾರಾ ಕಚೇರಿಯಲ್ಲಿ. ಆದ್ದರಿಂದ ಈ ಕೆಲಸದ ಬಹುಭಾಗವನ್ನು ಬೆಂಗಳೂರಿನಲ್ಲಿಯೇ ಮುಗಿಸಬಹುದು.

ಮೊದಲು ಒಂದು ಪಟ್ಟಿ

ಪತ್ರಾಗಾರಕ್ಕೆ ಹೋಗುವ ಮೊದಲೇ ಉದ್ದ ಹಾಳೆಯಲ್ಲೋ ಎಕ್ಸೆಲ್‌ನಲ್ಲೋ ಎಂಟು ಕಲಮುಗಳ ಪಟ್ಟಿ ಹಾಕಿಕೊಳ್ಳಿ:

1. ಹುದ್ದೆಯ ಹೆಸರು, ಆ ಕಾಲದ ದಾಖಲೆಯಲ್ಲಿ ಇದ್ದ ಹಾಗೆಯೇ.
2. ಹುದ್ದೆಗೆ ಆಧಾರವಾದ ಕಾನೂನು, ಒಪ್ಪಂದ ಅಥವಾ ಆದೇಶ.
3. ನೇಮಿಸಿದವರು.
4. ಪ್ರಭಾರ ವಹಿಸಿಕೊಂಡ ದಿನ.
5. ಯಾರ ಒಪ್ಪಿಗೆಯೂ ಇಲ್ಲದೆ ಮಾಡಬಹುದಾಗಿದ್ದ ಕೆಲಸಗಳು: ನೇಮಕ, ಹಣ ಮಂಜೂರಾತಿ, ವರ್ಗಾವಣೆ.
6. ಅವರನ್ನು ತೆಗೆಯಬಲ್ಲವರು.
7. ಹುದ್ದೆ ಬಿಟ್ಟ ದಿನ ಮತ್ತು ದಾಖಲೆ ಹೇಳುವ ಕಾರಣ.
8. ಕಡತ ಸಂಖ್ಯೆ ಅಥವಾ ಗೆಜೆಟ್ ತಾರೀಖು.

ಐದನೆಯ ಮತ್ತು ಆರನೆಯ ಕಲಮುಗಳೇ ಇದರ ಜೀವ. ಹೆಚ್ಚಿನವರು ಮೊದಲನೆಯದನ್ನೂ ಏಳನೆಯದನ್ನೂ ತುಂಬಿ ಮುಗಿಸುತ್ತಾರೆ, ಅದರಿಂದಲೇ ಬರಹ ವಂಶಾವಳಿಯಂತೆ ಕಾಣುತ್ತದೆ. ಒಬ್ಬ ವ್ಯಕ್ತಿಯ ಹುದ್ದೆಗಳನ್ನು ಸಾಲಾಗಿ ಇಟ್ಟು ಆರನೆಯ ಕಲಮನ್ನು ಮೇಲಿಂದ ಕೆಳಗೆ ಓದಿದರೆ ಏಳುಬೀಳಿನ ಅರ್ಧ ಕಥೆ ಅಲ್ಲಿಯೇ ಸಿಗುತ್ತದೆ. ಎಂಟನೆಯ ಕಲಮನ್ನು ಖಾಲಿ ಬಿಟ್ಟು ಮುಂದೆ ಹೋಗಬೇಡಿ. ಆರು ತಿಂಗಳ ನಂತರ ಆ ಸಾಲು ಎಲ್ಲಿಂದ ಬಂತೆಂದು ನೆನಪಿರುವುದಿಲ್ಲ.

ಎಲ್ಲಿ ಏನು ಸಿಗುತ್ತದೆ

ಮೂರು ಮುಖ್ಯ ಜಾಗಗಳು ಕಬ್ಬನ್ ಪಾರ್ಕಿನ ಸುತ್ತಮುತ್ತಲೇ ಇವೆ. ಮೆಟ್ರೋದ ನೇರಳೆ ಮಾರ್ಗದಲ್ಲಿ ಅಂಬೇಡ್ಕರ್ ವಿಧಾನಸೌಧ ನಿಲ್ದಾಣದಲ್ಲಿ ಇಳಿದರೆ ಸಾಕು.

ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ ಇಲಾಖೆಯಲ್ಲಿ ಹಳೆಯ ಮೈಸೂರು ಸಚಿವಾಲಯದ ಕಡತಗಳಿವೆ. ಫೋಟೋ ಇರುವ ಗುರುತಿನ ಚೀಟಿ, ಸಂಶೋಧನೆಯ ವಿಷಯ ಮತ್ತು ಬೇಕಾದ ಇಸವಿಗಳನ್ನು ಬರೆದ ಅರ್ಜಿ, ಕಾಲೇಜು ಅಥವಾ ಸಂಸ್ಥೆಯ ಪರಿಚಯ ಪತ್ರ ಇವು ಕೈಯಲ್ಲಿರಲಿ. ಬರೆದುಕೊಳ್ಳಲು ಪೆನ್ಸಿಲ್ ಒಯ್ಯಿರಿ, ಹಳೆಯ ಕಾಗದದ ಹತ್ತಿರ ಶಾಯಿ ತರಬಾರದು. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಸರ್ಕಾರಿ ರಜೆ. ಅಧಿವೇಶನ ನಡೆಯುವಾಗ ವಿಧಾನಸೌಧದ ಪ್ರವೇಶವೇ ಬಿಗಿಯಾಗಿರುತ್ತದೆ, ಆ ವಾರಗಳನ್ನು ತಪ್ಪಿಸಿ. ಅಲ್ಲಿ ಮೊದಲು ಕೇಳಬೇಕಾದದ್ದು ಕಡತವನ್ನಲ್ಲ, ಸೂಚಿಯನ್ನು. ಕಡತಗಳು ವ್ಯಕ್ತಿಯ ಹೆಸರಿನಲ್ಲಿ ಇರುವುದಿಲ್ಲ, ಇಲಾಖೆ ಮತ್ತು ವರ್ಷದ ಪ್ರಕಾರ ಇರುತ್ತವೆ. ದಿವಾನರ ನೇಮಕ, ರಜೆ, ಸಂಬಳ, ಪ್ರಭಾರ ಇಂಥವನ್ನು ‘ಜನರಲ್ ಮಿಸಲೇನಿಯಸ್’ ವಿಭಾಗದಿಂದ ಹುಡುಕಲು ಶುರುಮಾಡಿ.

ಕಬ್ಬನ್ ಪಾರ್ಕಿನೊಳಗಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಅಚ್ಚಾದ ಸರ್ಕಾರಿ ಪ್ರಕಟಣೆಗಳನ್ನು ಹುಡುಕಿ: ಆಡಳಿತ ವರದಿಗಳು, ಪ್ರಜಾಪ್ರತಿನಿಧಿ ಸಭೆಯ ನಡಾವಳಿಗಳು, ದಸರಾ ಅಧಿವೇಶನದಲ್ಲಿ ದಿವಾನರು ಮಾಡಿದ ಭಾಷಣಗಳು. ನೃಪತುಂಗ ರಸ್ತೆಯಲ್ಲಿ 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ ಇದೆ, ಹಳೆಯ ಮೈಸೂರಿನ ಇತಿಹಾಸಕ್ಕೆ ಅದರ ಗ್ರಂಥಾಲಯ ಒಳ್ಳೆಯ ಆಸರೆ. ಅಲ್ಲಿಂದ ದೂರವಾದರೂ ಬುಲ್ ಟೆಂಪಲ್ ರಸ್ತೆಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಬಿಡಬೇಡಿ. ಡಿ.ವಿ.ಜಿ. ಕಟ್ಟಿದ ಸಂಸ್ಥೆ ಅದು. ಸಂಸ್ಥಾನದ ಆಡಳಿತವನ್ನು ಹೊರಗಿನಿಂದ ನೋಡಿ ಟೀಕಿಸಿದವರ ಕಣ್ಣು ನಿಮಗೆ ಬೇಕೇ ಬೇಕು.

ಅರಮನೆಯ ಒಳಗಿನ ಕಾಗದಗಳಿಗೆ ಮೈಸೂರಿನ ವಿಭಾಗೀಯ ಪತ್ರಾಗಾರಕ್ಕೆ ಹೋಗಬೇಕು. ಸಂಸ್ಥಾನದಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿ, ಅಂದರೆ ರೆಸಿಡೆಂಟರು, ವೈಸರಾಯರ ಸರ್ಕಾರಕ್ಕೆ ಬರೆದ ಪತ್ರಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದ ವಿದೇಶ ಮತ್ತು ರಾಜಕೀಯ ಇಲಾಖೆಯ ಕಡತಗಳಲ್ಲಿವೆ. ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು. ಹುಡುಕುವಾಗ ಕಾಂತರಾಜ ಎಂಬ ಒಂದೇ ಹೆಸರಿಗೆ ಇಂಗ್ಲಿಷಿನ ‘ಕೆ’ ಅಕ್ಷರದಿಂದಲೂ ‘ಸಿ’ ಅಕ್ಷರದಿಂದಲೂ ಶುರುವಾಗುವ ರೂಪಗಳನ್ನು, ‘ತ’ಕ್ಕೆ ‘ಎಚ್’ ಸೇರಿಸಿ, ಬಿಟ್ಟು, ಅರಸು ಎಂಬುದನ್ನು ‘ಅರ್ಸ್’ ಎಂದೂ ಕೊಟ್ಟು ನೋಡಿ. ಒಂದೇ ಕಾಗುಣಿತದಲ್ಲಿ ಹುಡುಕಿ ‘ಏನೂ ಇಲ್ಲ’ ಎಂದು ಕೈಬಿಟ್ಟವರು ಬಹಳ ಮಂದಿ.

ಇಸವಿಯ ಬಲೆ

ಮೈಸೂರು ಸಂಸ್ಥಾನದ ಆಡಳಿತ ವರ್ಷ ಜುಲೈ 1ರಿಂದ ಜೂನ್ 30ರವರೆಗೆ. ಹಾಗಾಗಿ 1918-19ರ ಆಡಳಿತ ವರದಿಯೆಂದರೆ 1918ರ ಜುಲೈಯಿಂದ 1919ರ ಜೂನ್ ತನಕದ್ದು. ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ಸರಿದದ್ದು ಆ ವರ್ಷದ ನಡುವೆ. ಆ ಒಂದೇ ವರದಿಯೊಳಗೆ ಇಬ್ಬರು ದಿವಾನರ ಕೆಲಸ ಇದೆ. ವರದಿ ಸಿದ್ಧವಾಗುವುದು ವರ್ಷ ಮುಗಿದ ಮೇಲೆ, ಆದ್ದರಿಂದ ಹಿಂದಿನವರ ಕೆಲಸವನ್ನು ಮುಂದಿನವರ ಕಚೇರಿ ಬಣ್ಣಿಸುತ್ತದೆ. ಯಾವುದೇ ಸಾಧನೆಯನ್ನೋ ವೈಫಲ್ಯವನ್ನೋ ಒಬ್ಬರ ಹೆಸರಿಗೆ ಬರೆಯುವ ಮುಂಚೆ ಆದೇಶದ ತಾರೀಖು ನೋಡಲೇಬೇಕು. ವರದಿಯ ರಟ್ಟಿನ ಮೇಲಿನ ಇಸವಿ ಸಾಲದು.

ಕನ್ನಡದ ಅರಮನೆ ಕಾಗದಗಳಲ್ಲಿ ಸಂವತ್ಸರ, ಮಾಸ, ತಿಥಿ ಇರುತ್ತವೆ. ಸಿದ್ಧಾರ್ಥಿ ಸಂವತ್ಸರವೆಂದರೆ 1919ರ ಯುಗಾದಿಯಿಂದ 1920ರ ಯುಗಾದಿಯವರೆಗೆ. ಆದರೆ ಅರವತ್ತು ವರ್ಷ ಹಿಂದೆ, 1859ರಲ್ಲೂ ಅದೇ ಹೆಸರು. ಶಕ ವರ್ಷ ಜೊತೆಗಿದ್ದರೆ 78 ಕೂಡಿ, ತಿಂಗಳು ಪುಷ್ಯ, ಮಾಘ, ಫಾಲ್ಗುಣವಾದರೆ 79 ಬೇಕಾಗಬಹುದು. ಶಕ ಇಲ್ಲದಿದ್ದರೆ ಕಾಗದದಲ್ಲಿ ಹೆಸರಿಸಿದ ಅಧಿಕಾರಿ ಯಾರೆಂದು ನೋಡಿ ಶತಮಾನ ನಿರ್ಧರಿಸಿ.

ಹೆಸರುಗಳೂ ಇಷ್ಟೇ ತೊಡಕು. ಮುಮ್ಮಡಿ ಮತ್ತು ನಾಲ್ವಡಿ ಇಬ್ಬರೂ ಕೃಷ್ಣರಾಜ ಒಡೆಯರು. ನಾಲ್ವಡಿಯವರ ತಂದೆ ಚಾಮರಾಜೇಂದ್ರ ಒಡೆಯರು, ನಾಲ್ವಡಿಯವರ ನಂತರ ಬಂದವರು ಜಯಚಾಮರಾಜೇಂದ್ರ ಒಡೆಯರು. 1940ಕ್ಕಿಂತ ಹಿಂದಿನ ಕಾಗದದಲ್ಲಿ ಬರೀ ‘ಯುವರಾಜರು’ ಎಂದಿದ್ದರೆ ಸಾಮಾನ್ಯವಾಗಿ ನಾಲ್ವಡಿಯವರ ತಮ್ಮ ಕಂಠೀರವ ನರಸಿಂಹರಾಜ ಒಡೆಯರು. ಅವರು ತೀರಿಕೊಂಡದ್ದು 1940ರ ಮಾರ್ಚ್‌ನಲ್ಲಿ, ಅಣ್ಣ ತೀರಿಕೊಂಡದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಹೀಗಾಗಿ ಗಾದಿ ತಮ್ಮನಿಗೆ ಬರದೆ ತಮ್ಮನ ಮಗನಿಗೆ ಬಂತು.

ಮಾದರಿ ಒಂದು: ದಿವಾನ್ ಕಾಂತರಾಜ ಅರಸರು

ಸರ್ದಾರ್ ಎಂ. ಕಾಂತರಾಜ ಅರಸರು ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ತಮ್ಮ, ಅಂದರೆ ನಾಲ್ವಡಿಯವರಿಗೆ ಸೋದರಮಾವ. ನಾಲ್ವಡಿಯವರ ಅಕ್ಕ ಜಯಲಕ್ಷಮ್ಮಣ್ಣಿಯವರನ್ನು ಮದುವೆಯಾದ್ದರಿಂದ ಭಾವನೂ ಹೌದು. ಇಷ್ಟು ಹತ್ತಿರದ ನಂಟು ಇರುವವರು ವಿಶ್ವೇಶ್ವರಯ್ಯನವರ ನಂತರ ದಿವಾನರಾದರು, 1922ರವರೆಗೆ ಇದ್ದರು. ‘ಮಾವ ಆದ್ದರಿಂದ ದಿವಾನರಾದರು’ ಎಂಬ ಒಂದು ಸಾಲಿನ ತೀರ್ಪು ಇಲ್ಲಿ ಬಲು ಸುಲಭ. ಆ ಸಾಲನ್ನು ಬರೆಯುವ ಮುಂಚೆ ಮಾಡಬೇಕಾದ ಕೆಲಸ ಇಷ್ಟಿದೆ.

ದಿವಾನರಾಗುವ ಮುಂಚಿನ ಹುದ್ದೆಗಳನ್ನು ಸರ್ಕಾರಿ ಅಧಿಕಾರಿಗಳ ಸೇವಾ ವಿವರದ ಪಟ್ಟಿಯಾದ ಸಿವಿಲ್ ಲಿಸ್ಟ್‌ನಿಂದ ತೆಗೆಯಿರಿ. ಅವರು ಅದಕ್ಕೂ ಮೊದಲು ದಿವಾನರ ಜೊತೆ ಆಡಳಿತ ನಡೆಸುತ್ತಿದ್ದ ಕೌನ್ಸಿಲ್‌ನಲ್ಲಿ ಸದಸ್ಯರಾಗಿದ್ದವರು. ಒಬ್ಬರು ಮೆಟ್ಟಿಲು ಮೆಟ್ಟಿಲಾಗಿ ಬಂದರೋ, ನೇರವಾಗಿ ಮೇಲೆ ಕೂತರೋ ಎಂಬುದನ್ನು ಅದೇ ಕಾಲದ ಇನ್ನಿಬ್ಬರು ಕೌನ್ಸಿಲ್ ಸದಸ್ಯರ ಸೇವಾ ವಿವರದ ಪಕ್ಕ ಇಟ್ಟೇ ಹೇಳಬೇಕು. ಒಬ್ಬರ ಪಟ್ಟಿಯನ್ನಷ್ಟೇ ನೋಡಿದರೆ ಬೇಗ ಏರಿದರೆಂದು ಹೇಳಲು ಅಳತೆಗೋಲೇ ಇರುವುದಿಲ್ಲ.

ಇನ್ನು ಅವರ ಕಾಲದ ದೊಡ್ಡ ನಿರ್ಧಾರವೊಂದನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಓದಿ. ಮಿಲ್ಲರ್ ಸಮಿತಿ ಇದಕ್ಕೆ ತಕ್ಕದ್ದು. 1917ರಲ್ಲಿ ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಸಾಕಷ್ಟು ಜಾಗ ಇಲ್ಲವೆಂಬ ಅಹವಾಲು ಮಹಾರಾಜರ ತನಕ ಹೋಯಿತು. 1918ರಲ್ಲಿ, ವಿಶ್ವೇಶ್ವರಯ್ಯನವರು ಇನ್ನೂ ದಿವಾನರಾಗಿದ್ದಾಗಲೇ, ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. 1919ರಲ್ಲಿ ವರದಿ ಬಂತು: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಪಾಲು ಆ ಸಮುದಾಯಗಳಿಗೆ ಸಿಗುವಂತೆ ಮಾಡಬೇಕೆಂದಿತು. ಸರ್ಕಾರದ ಆದೇಶ 1921ರದ್ದು, ಆಗ ದಿವಾನರು ಕಾಂತರಾಜ ಅರಸರು. ಒಬ್ಬರ ಕಾಲದಲ್ಲಿ ನೇಮಕ, ಇನ್ನೊಬ್ಬರ ಕಾಲದಲ್ಲಿ ವರದಿ ಮತ್ತು ಆದೇಶ, ಮೂರಕ್ಕೂ ಮೇಲೆ ಒಬ್ಬರೇ ಮಹಾರಾಜರು. ಈ ಹೆಜ್ಜೆಗಳನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯದಿದ್ದರೆ ಹೊಗಳಿಕೆಯೂ ಆಪಾದನೆಯೂ ತಪ್ಪು ವಿಳಾಸಕ್ಕೆ ಹೋಗುತ್ತವೆ. ಇಂದಿಗೂ ಕಾವೇರಿದ ಮಾತು ನಡೆಯುವ ವಿಷಯ ಇದು, ಇಲ್ಲಿ ತಾರೀಖು ತಪ್ಪಿದರೆ ಬರೀ ಅಚ್ಚಿನ ದೋಷವಾಗಿ ಉಳಿಯುವುದಿಲ್ಲ.

ಆದೇಶದ ಪ್ರತಿಯ ಕೆಳಗೆ ಸಾಮಾನ್ಯವಾಗಿ ಕಾರ್ಯದರ್ಶಿಯ ಸಹಿ ಇರುತ್ತದೆ. ದಿವಾನರ ಮನಸ್ಸು ಅಲ್ಲಿ ಕಾಣದು. ಕಡತದಲ್ಲಿ ಎರಡು ಭಾಗ: ಪತ್ರವ್ಯವಹಾರ ಒಂದು, ಟಿಪ್ಪಣಿ ಹಾಳೆಗಳು ಇನ್ನೊಂದು. ಕೌನ್ಸಿಲ್ ಸದಸ್ಯರು ಏನು ಬರೆದರು, ದಿವಾನರು ಎಲ್ಲಿ ತಿದ್ದಿದರು, ಮಹಾರಾಜರ ಅನುಮೋದನೆ ಯಾವ ದಿನ ಬಂತು ಎಂಬುದೆಲ್ಲ ಟಿಪ್ಪಣಿ ಭಾಗದಲ್ಲಿ. ಕೆಲವು ಕಡತಗಳಲ್ಲಿ ಆ ಭಾಗ ಉಳಿದಿರುವುದಿಲ್ಲ. ಆಗ ಐದನೆಯ ಕಲಮಿನಲ್ಲಿ ‘ಟಿಪ್ಪಣಿ ಇಲ್ಲ’ ಎಂದು ಬರೆದು ಬಿಡಿ, ಊಹೆಯಿಂದ ತುಂಬಬೇಡಿ.

ನಿರ್ಗಮನದ ಸಾಲಿಗೆ ಬಂದಾಗ ಇನ್ನೂ ಎಚ್ಚರ ಬೇಕು. ಕಾಂತರಾಜ ಅರಸರು ಹುದ್ದೆ ಬಿಟ್ಟದ್ದಕ್ಕೆ ಹೇಳುವ ಕಾರಣ ಅನಾರೋಗ್ಯ, ಅವರ ನಂತರ 1922ರಲ್ಲಿ ಆಲ್ಬಿಯನ್ ಬ್ಯಾನರ್ಜಿ ದಿವಾನರಾದರು. ‘ಅನಾರೋಗ್ಯ’ ಎಂಬುದು ಕೆಲವರ ವಿಷಯದಲ್ಲಿ ಮರ್ಯಾದೆಯ ಮುಸುಕು, ಕೆಲವರ ವಿಷಯದಲ್ಲಿ ಅಪ್ಪಟ ನಿಜ. ಪರೀಕ್ಷಿಸುವ ದಾರಿ ಹೀಗೆ: ರಾಜೀನಾಮೆಗೆ ಹಿಂದಿನ ಒಂದು ವರ್ಷದ ರಜೆ ಮಂಜೂರಾತಿಗಳನ್ನು ತೆಗೆಯಿರಿ, ದಿವಾನರ ಬದಲಿಗೆ ಯಾರು ಪ್ರಭಾರ ನೋಡಿಕೊಂಡರೆಂದು ಗೆಜೆಟ್‌ನಲ್ಲಿ ನೋಡಿ, ಕಡತಗಳಲ್ಲಿ ಅವರ ಸಹಿ ವಿರಳವಾಗುತ್ತಾ ಬಂತೇ ಗಮನಿಸಿ. ರಜೆ ಮೊದಲೇ ಶುರುವಾಗಿದ್ದರೆ ಕಾರಣ ನಂಬಲರ್ಹ. ರಜೆಯೇ ಇಲ್ಲದೆ ದೊಡ್ಡ ಭಿನ್ನಾಭಿಪ್ರಾಯದ ಮಾರನೆಯ ವಾರ ಅನಾರೋಗ್ಯ ಬಂದಿದ್ದರೆ ರೆಸಿಡೆಂಟರ ಪತ್ರಗಳಿಗೆ ಹೋಗಿ. ಇದೇ ಕ್ರಮ ಯಾವ ದಿವಾನರಿಗೂ ಸಲ್ಲುತ್ತದೆ. ಕಾಂತರಾಜ ಅರಸರ ಅವಧಿಗೆ ಬೇಕಾದ ಆಡಳಿತ ವರದಿಗಳು ಒಟ್ಟು ನಾಲ್ಕು: 1918-19, 1919-20, 1920-21, 1921-22. ಜೊತೆಗೆ ಅಷ್ಟೂ ವರ್ಷದ ದಸರಾ ಭಾಷಣಗಳು. ಯುದ್ಧ ಮುಗಿದ ಮೇಲಿನ ಹಣದ ಬಿಕ್ಕಟ್ಟು, ಕನ್ನಂಬಾಡಿ ಮತ್ತು ಭದ್ರಾವತಿಯ ವೆಚ್ಚ ಈ ಭಾಷಣಗಳಲ್ಲಿ ಹೇಗೆ ಬರುತ್ತವೆಂದು ವರ್ಷದಿಂದ ವರ್ಷಕ್ಕೆ ಹೋಲಿಸಿ. ಶುರುಮಾಡಿದವರಿಗೆ ಹೆಸರು ಬರುತ್ತದೆ, ನಡುವೆ ಬಿಲ್ಲು ಕಟ್ಟಿದವರನ್ನು ಯಾರೂ ನೆನೆಯುವುದಿಲ್ಲ. ಕಾಂತರಾಜ ಅರಸರಿಗೆ ಸಲ್ಲಬೇಕಾದ ನ್ಯಾಯ ಈ ಲೆಕ್ಕದಲ್ಲೇ ಸಿಗಬೇಕು.

ಮಾದರಿ ಎರಡು: ಒಂದೇ ವ್ಯಕ್ತಿ, ಬದಲಾಗುವ ಕುರ್ಚಿ

ಜಯಚಾಮರಾಜೇಂದ್ರ ಒಡೆಯರ ಸಾಲುಗಳನ್ನು ಪಟ್ಟಿಗೆ ಹಾಕಿದರೆ ಆರನೆಯ ಕಲಮಿನ ಬೆಲೆ ತಿಳಿಯುತ್ತದೆ.

1940ರಲ್ಲಿ ಗಾದಿ ಏರಿದಾಗ ಅವರು ದಿವಾನರನ್ನು ನೇಮಿಸುವ ಮಹಾರಾಜರು, ಮೇಲೆ ಬ್ರಿಟಿಷ್ ಸಾರ್ವಭೌಮತ್ವ. 1947ರ ಆಗಸ್ಟ್‌ನಲ್ಲಿ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಬಿತ್ತು. ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ನಡೆದು, ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಬಿರುದು ಒಂದಕ್ಷರವೂ ಬದಲಾಗಲಿಲ್ಲ, ಐದನೆಯ ಕಲಮು ಮಾತ್ರ ಒಂದೇ ತಿಂಗಳಲ್ಲಿ ಬರಿದಾಗತೊಡಗಿತು. ಆದರೆ ದಿವಾನ್ ರಾಮಸ್ವಾಮಿ ಮೊದಲಿಯಾರರು 1949ರವರೆಗೆ ಇದ್ದರು. ಆದ್ದರಿಂದ 1947ರ ಅಕ್ಟೋಬರ್ ಮತ್ತು 1949ರ ನಡುವಿನ ಆದೇಶಗಳಲ್ಲಿ ಯಾವ ವಿಷಯ ಮಂತ್ರಿಗಳದ್ದು, ಯಾವುದು ಇನ್ನೂ ದಿವಾನರದ್ದು ಎಂದು ಒಂದೊಂದಾಗಿ ಗುರುತಿಸಬೇಕು. ಹೆಚ್ಚಿನ ಬರಹಗಳು ಈ ಎರಡು ವರ್ಷವನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತವೆ.

1950ರ ಜನವರಿ 26ರಿಂದ ಅವರು ರಾಜಪ್ರಮುಖರು, ಅಂದರೆ ಹಿಂದೆ ಸಂಸ್ಥಾನವಾಗಿದ್ದ ರಾಜ್ಯದಲ್ಲಿ ರಾಜ್ಯಪಾಲರ ಜಾಗದಲ್ಲಿದ್ದವರು. ಸಂವಿಧಾನದ ಮೂಲ ಪಠ್ಯವನ್ನೇ ತೆಗೆದು 366ನೆಯ ವಿಧಿಯ 21ನೆಯ ಖಂಡ ಓದಿ: ಮೈಸೂರಿನ ಮಟ್ಟಿಗೆ ರಾಷ್ಟ್ರಪತಿಗಳು ಯಾರನ್ನು ಮಹಾರಾಜರೆಂದು ಮಾನ್ಯ ಮಾಡಿದ್ದಾರೋ ಅವರೇ ರಾಜಪ್ರಮುಖರು. ಅಂದರೆ ಹುದ್ದೆ ಬಂದದ್ದು ಗಾದಿಯಿಂದ. 1956ರ ನವೆಂಬರ್ 1ರಂದು ಏಳನೆಯ ತಿದ್ದುಪಡಿ ಜಾರಿಯಾಗಿ ರಾಜಪ್ರಮುಖ ಎಂಬ ಹುದ್ದೆಯೇ ಇಲ್ಲವಾಯಿತು. ಅದೇ ದಿನ ಅವರು ರಾಜ್ಯಪಾಲರು. ಹೊರಗಿನಿಂದ ನೋಡಿದವರಿಗೆ ಏನೂ ಆಗಿಲ್ಲ. ಪಟ್ಟಿಯಲ್ಲಿ ಎಲ್ಲವೂ ಬದಲಾಗಿದೆ: ಈಗ ರಾಷ್ಟ್ರಪತಿಗಳು ನೇಮಿಸಿದ್ದು, ಅವರ ಇಚ್ಛೆ ಇರುವ ತನಕ, ಮಾಮೂಲಿಗೆ ಐದು ವರ್ಷ, ಬೇರೆ ರಾಜ್ಯಕ್ಕೆ ಕಳಿಸಲೂಬಹುದು. 1964ರಲ್ಲಿ ಹಾಗೆಯೇ ಮದ್ರಾಸಿನ ರಾಜ್ಯಪಾಲರಾಗಿ ಹೋದರು, 1966ರವರೆಗೆ ಅಲ್ಲಿದ್ದರು. ಈಗಿನ ಸಂವಿಧಾನದ ಪ್ರತಿ ಇಟ್ಟುಕೊಂಡು ರಾಜಪ್ರಮುಖರ ಬಗ್ಗೆ ಬರೆಯಬೇಡಿ, ಆ ಭಾಗಗಳನ್ನು ತೆಗೆದುಹಾಕಿದ್ದಾರೆ. 1950ರ ಮೂಲ ಪ್ರತಿಯೇ ಬೇಕು.

ಕೊನೆಯ ಸಾಲು ರಾಜಧನದ್ದು, ಅಂದರೆ ಹಿಂದಿನ ರಾಜರಿಗೆ ಭಾರತ ಸರ್ಕಾರ ವರ್ಷವರ್ಷ ಕೊಡುತ್ತಿದ್ದ ಹಣದ್ದು. ಮೈಸೂರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ನಿಗದಿಯಾಗಿತ್ತು. 1970ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಪತಿಗಳ ಆದೇಶದಿಂದ ರಾಜರ ಮಾನ್ಯತೆ ಹೋಯಿತು, ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು, 1971ರ ಡಿಸೆಂಬರ್‌ನಲ್ಲಿ 26ನೆಯ ತಿದ್ದುಪಡಿ ಮಾನ್ಯತೆಯನ್ನೂ ರಾಜಧನವನ್ನೂ ಕೊನೆಗಾಣಿಸಿತು. ‘1970ರಲ್ಲಿ ರಾಜಧನ ನಿಂತಿತು’ ಎಂದು ಬರೆಯುವವರು ನಡುವಿನ ತೀರ್ಪನ್ನು ಬಿಟ್ಟುಬಿಡುತ್ತಾರೆ.

ಮತಪೆಟ್ಟಿಗೆಯ ಕಾಲ

1971ರ ನಂತರ ಅರಮನೆಯವರಿಗೆ ಸರ್ಕಾರದೊಳಗೆ ಬರಲು ಉಳಿದ ದಾರಿಗಳು ಎಲ್ಲರಿಗೂ ಇರುವವೇ. ಜಯಚಾಮರಾಜೇಂದ್ರ ಒಡೆಯರ ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಮೈಸೂರು ಲೋಕಸಭಾ ಕ್ಷೇತ್ರದಿಂದ 1984, 1989, 1996, 1999ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು, 1991ರಲ್ಲಿ ಬಿಜೆಪಿಯಿಂದ ನಿಂತು ಸೋತರು, 2004ರಲ್ಲಿ ಮತ್ತೆ ಸೋತರು. ಚುನಾವಣಾ ಆಯೋಗದ ಜಾಲತಾಣದಲ್ಲಿ ಪ್ರತಿ ಮಹಾಚುನಾವಣೆಯ ಅಂಕಿಅಂಶ ವರದಿ ಇದೆ. ಅಲ್ಲಿಂದ ಪಡೆದ ಮತ, ಶೇಕಡಾವಾರು, ಗೆಲುವಿನ ಅಂತರ ಮೂರನ್ನೂ ತೆಗೆಯಿರಿ. ಬರೀ ಗೆದ್ದರು, ಸೋತರು ಎಂದರೆ ಏನೂ ತಿಳಿಯದು. ಪಕ್ಷ ಬದಲಾದದ್ದರಿಂದ ಮತ ಕುಸಿಯಿತೋ, ಎದುರಾಳಿಯ ಬಲ ಹೆಚ್ಚಿತೋ ಎಂಬುದಕ್ಕೆ ಅಕ್ಕಪಕ್ಕದ ಎರಡು ಕ್ಷೇತ್ರಗಳ ಫಲಿತಾಂಶವನ್ನೂ ಜೊತೆಗಿಡಿ. 1991ರಲ್ಲಿ ಗೆದ್ದ ಚಂದ್ರಪ್ರಭಾ ಅರಸು ದೇವರಾಜ ಅರಸರ ಮಗಳು. ‘ಅರಸು’ ಎಂಬ ಹೆಸರು ಕಂಡ ಕೂಡಲೇ ಗಾದಿಯ ಮನೆಯವರೆಂದು ಬರೆಯಬೇಡಿ.

ಶ್ರೀಕಂಠದತ್ತ ಒಡೆಯರು ಸಂಸದರಾಗಿದ್ದಾಗ ಅವರ ಮನೆತನದ ಆಸ್ತಿಗೆ ಸರ್ಕಾರ ಏನು ಮಾಡಿತೆಂಬುದೂ ಏಳುಬೀಳಿನ ಭಾಗವೇ. ವಸಂತನಗರದ ಬೆಂಗಳೂರು ಅರಮನೆ ಮತ್ತು ಸುತ್ತಲಿನ 472 ಎಕರೆಯನ್ನು ವಶಪಡಿಸಿಕೊಳ್ಳಲು ರಾಜ್ಯ ಸರ್ಕಾರ 1996ರಲ್ಲಿ ಕಾಯ್ದೆ ಮಾಡಿತು, ಪರಿಹಾರ 11 ಕೋಟಿ ರೂಪಾಯಿ ಎಂದು ಅದರಲ್ಲೇ ಹೇಳಿತು. ಅವರು ಮತ್ತೆ ಲೋಕಸಭೆಗೆ ಗೆದ್ದ ವರ್ಷವೂ ಅದೇ. ಮಸೂದೆಯ ಚರ್ಚೆಯನ್ನು ವಿಧಾನಮಂಡಲದ ನಡಾವಳಿಗಳಲ್ಲಿ ಓದಿ, ಯಾವ ಪಕ್ಷದವರು ಏನೆಂದರು ಎಂಬುದನ್ನು ಪತ್ರಿಕೆಯ ಸುದ್ದಿಯಿಂದ ತೆಗೆದುಕೊಳ್ಳಬೇಡಿ.

ಇಷ್ಟು ಈಚಿನ ಕಡತಗಳು ಪತ್ರಾಗಾರಕ್ಕೆ ಬಂದಿರದಿದ್ದರೆ ಸಂಬಂಧಪಟ್ಟ ಇಲಾಖೆಯಲ್ಲೇ ಇರುತ್ತವೆ, ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು. ಶುಲ್ಕ 10 ರೂಪಾಯಿ, ಪ್ರತಿಗೆ ಪುಟಕ್ಕೆ 2 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ಅರಮನೆಯ ಬಗ್ಗೆ ಎಲ್ಲ ಮಾಹಿತಿ ಕೊಡಿ’ ಎಂದರೆ ತಿರಸ್ಕಾರ ಖಚಿತ. ಕಡತ ಸಂಖ್ಯೆ, ಆದೇಶದ ತಾರೀಖು ಬರೆದು ‘ಈ ಕಡತದ ಟಿಪ್ಪಣಿ ಹಾಳೆಗಳ ಪ್ರತಿ’ ಎಂದು ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ, ಮೂಲ ಅರ್ಜಿಯ ಪ್ರತಿಯನ್ನೂ ಶುಲ್ಕ ಕಟ್ಟಿದ ರಸೀದಿಯನ್ನೂ ಅದರೊಂದಿಗೆ ಲಗತ್ತಿಸಿ.